ದೀಪಾಲಿ ಕೊಯ್ದ ಕೋಟೆ ಬಾಗಿಲು

ಹೋದ ವರ್ಷ ಬಸವಕಲ್ಯಾಣದ ನಾಟಕ ಸ್ಪರ್ಧೆಯಲ್ಲಿ ಹುಡಗಿ ಎಂಬ ಊರಿನ ಮಾನ ಒಂದು ಬಾಗಿಲಿನ ಮೇಲೆ ನಿಂತಿತ್ತು. ಆ ಬಾಗಿಲು ಕೈಕೊಟ್ಟಿತು.

ರಾಜ ಯುದ್ಧ ಗೆದ್ದು ಬರುತ್ತಾನೆ, ಕೋಟೆಯ ಬಾಗಿಲು ತೆರೆಯಬೇಕು, ಮೇಲಿನಿಂದ ಹೂವು ಸುರಿಯಬೇಕು. ಹೂವೇನೋ ಸುರಿಯಿತು. ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೈಗರಗಸದಲ್ಲಿ ಕೊಯ್ದ ಹಲಗೆಗಳು ಒಂದು ಅತ್ತ, ಒಂದು ಇತ್ತ. ಎರಡು ಕದಗಳು ಜಗಳಾಡಿದ ಓರಗಿತ್ತಿಯರ ಹಾಗೆ ಸಿಕ್ಕಿಕೊಂಡು ನಿಂತುಬಿಟ್ಟಿದ್ದವು. ರಾಜ ತಳ್ಳಿದ, ಸೇನಾಪತಿ ತಳ್ಳಿದ. ಕೊನೆಗೆ ಇಬ್ಬರೂ ಪಕ್ಕದ ಪರದೆ ಎತ್ತಿ ಬಗ್ಗಿ ನುಸುಳಿ ಬಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಡಿದ್ದು ಅಳುವ ನಾಟಕ.

ಬಾಗಿಲು ಮಾಡಿದವನು ಕಾಶಿರಾಮ. ಹಗಲಿಗೆ ಹೊಲ, ಸಂಜೆಗೆ ಊರ ಹಿಂದಿನ ತಗಡಿನ ಶೆಡ್ಡು. ನಾಟಕ ಸಂಘದ ಸಿಂಹಾಸನ, ಮೆಟ್ಟಿಲು, ಕಿಟಕಿ, ಗುಡಿಸಲು ಎಲ್ಲ ಹುಟ್ಟುವುದು ಆ ಶೆಡ್ಡಿನಲ್ಲಿ. ಅಲ್ಲಿ ಯಾರಿಗೂ ಸಂಬಳವಿಲ್ಲ, ಬಿಡುವಾದವರು ಬಂದು ಕೈ ಹಚ್ಚುತ್ತಾರೆ. ದರ್ಜಿ ನಬೀಸಾಬ್ ಪರದೆ, ಉಡುಪು ಹೊಲಿಯುತ್ತಾನೆ. ಕಾಶಿರಾಮನ ಹೆಂಡತಿ ಸುಮನಬಾಯಿ ಪಾತ್ರಧಾರಿಗಳಿಗೆ ಮಾತು ನೆನಪು ಮಾಡಿಕೊಡುತ್ತಾಳೆ. ಶೆಡ್ಡಿನ ಕೀಲಿಕೈ ಇರುವುದೂ ಅವಳ ಸೊಂಟದಲ್ಲೇ. ಸಂಘಕ್ಕೆ ಅಧ್ಯಕ್ಷರು ಬೇರೆ ಇದ್ದಾರೆ, ಆದರೆ ಕೀಲಿ ಯಾರ ಹತ್ತಿರ ಇದೆಯೋ ಅವರೇ ಅಧ್ಯಕ್ಷರು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

"ಈ ಸಲ ಕೈಗರಗಸ ಬ್ಯಾಡ. ಮಷೀನಿಲೇ ಕೊಯ್ಯೋಣ. ಬಾಗಲ ಬರೋಬರ ಕೂಡತದ," ಎಂದ ಕಾಶಿರಾಮ.

ಅಂದವನೇ ಮಷೀನನ್ನು ತಾನೇ ಮಾಡಿದ. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕೈ ಕಟರ್ ಒಂದನ್ನು ತಂದ. ಅದಕ್ಕೆ ಕಟ್ಟಿಗೆ ಕೊಯ್ಯುವ ಬ್ಲೇಡ್ ಹಾಕಿದ. ಹಳೆಯ ಮೇಜಿನ ನಡುವೆ ಸೀಳು ಮಾಡಿ, ಕೆಳಗಿನಿಂದ ಕಟರ್ ಉಲ್ಟಾ ಬಿಗಿದ. ಮೇಲೆ ಬ್ಲೇಡ್ ಅರ್ಧ ಚಂದ್ರನ ಹಾಗೆ ಕಾಣಿಸಿತು. ಸ್ವಿಚ್ಚು ಒತ್ತಿ ಹಿಡಿಯಲು ಕೈ ಸಾಲದೆಂದು ಸೈಕಲ್ ಟ್ಯೂಬಿನಿಂದ ಅದನ್ನು ಬಿಗಿದು ಕಟ್ಟಿದ. ಊರಿನವರೆಲ್ಲ ಬಂದು ನೋಡಿ "ಕಾಶಿರಾಮನ ತಲಿ ಅಂದ್ರ ತಲಿ" ಎಂದು ಹೊಗಳಿದರು. ನಾವು ಹಾಗೆಯೇ ಅಲ್ಲವೇ, ಇದ್ದುದರಲ್ಲಿ ಏನಾದರೂ ಮಾಡಿ ತೋರಿಸಿದರೆ ಬೆನ್ನು ತಟ್ಟುತ್ತೇವೆ, ಅದರ ಮುಂದೆ ಯಾರು ನಿಲ್ಲುತ್ತಾರೆ ಎಂದು ಕೇಳುವುದಿಲ್ಲ.

ಅದರ ಮುಂದೆ ನಿಂತವಳು ದೀಪಾಲಿ.

ದೀಪಾಲಿ ಕುರಿ ಸಾಕುವ ಮನೆಯ ಸೊಸೆ. ಈ ವರ್ಷದ ನಾಟಕದಲ್ಲಿ ರಾಣಿಯ ಪಾತ್ರ ಅವಳದು. ಮಾತು ಸ್ಪಷ್ಟ, ಕೈ ಚುರುಕು. ಪಾತ್ರ ಕಲಿಯಲು ಬಂದವಳು ಶೆಡ್ಡಿನ ಕೆಲಸಕ್ಕೂ ನಿಂತಿದ್ದಳು. ಅವಳನ್ನು ಕಳಿಸಲು ಅವಳ ಅತ್ತೆ ಚಂದ್ರಭಾಗಾಬಾಯಿ ಸುಲಭಕ್ಕೆ ಒಪ್ಪಿರಲಿಲ್ಲ. ಸುಮನಬಾಯಿ ಮನೆಗೆ ಹೋಗಿ, ಚಹಾ ಕುಡಿದು, ಮಾತು ಕೊಟ್ಟು ಬಂದಿದ್ದಳು.

"ಹ್ಯಾಂಗ ಕಳಸತೀರಿ, ಹಂಗೇ ತಂದು ಬಿಡತೇನ್ರಿ. ಜಿಮ್ಮೇದಾರಿ ನಂದು."

ಹುಡಗಿಯ ಸಂಘಕ್ಕೆ ಒಂದು ರಿವಾಜು ಇದೆ. ತಾಲೀಮು ಶುರುವಾಗುವ ದಿನ ಎಲ್ಲರ ಮುಂಗೈಗೆ ಅರಿಶಿನ ದಾರದ ಕಂಕಣ ಕಟ್ಟುತ್ತಾರೆ. ದಾರದ ತುದಿಗೆ ಒಂದು ಅರಿಶಿನ ಕೊಂಬು ಜೋತಾಡುತ್ತಿರುತ್ತದೆ. ನಾಟಕ ಮುಗಿದು ಮಂಗಳ ಹಾಡುವವರೆಗೆ ಅದನ್ನು ಬಿಚ್ಚುವಂತಿಲ್ಲ. ಕಂಕಣ ಇಲ್ಲದ ಕೈ ಶೆಡ್ಡಿನ ಮೊಳೆಯನ್ನೂ ಮುಟ್ಟುವಂತಿಲ್ಲ.

ಆ ದಿನ ಸಂಜೆ ದೀಪಾಲಿ ತೆಳುವಾದ ಪ್ಲೈವುಡ್ ಹಲಗೆಯನ್ನು ಬ್ಲೇಡಿನ ಕಡೆಗೆ ತಳ್ಳುತ್ತಿದ್ದಳು. ಪಕ್ಕದಲ್ಲಿ ನಿಂತ ಕಾಶಿರಾಮ "ತಳ್ಳು, ಅಂಜಬ್ಯಾಡ, ತಳ್ಳು" ಎನ್ನುತ್ತಿದ್ದ. ಇದ್ದಕ್ಕಿದ್ದಂತೆ ಅವಳ ಕೈಯನ್ನು ಯಾರೋ ಎಳೆದಂತಾಯಿತು. ಅವಳು ಗಾಬರಿಯಾಗಿ ಹಿಂದಕ್ಕೆ ಜಗ್ಗಿದಳು. ಹಲಗೆ ವಾಲಿತು. ಆಮೇಲಿನದು ಯಾರ ಕಣ್ಣಿಗೂ ಕಾಣಲಿಲ್ಲ, ಸದ್ದಷ್ಟೇ ಕೇಳಿಸಿತು. ಹಲಗೆ ಬ್ಲೇಡಿನಿಂದ ಹಾರಿ, ದೀಪಾಲಿಯ ಪಕ್ಕೆಯ ಹತ್ತಿರದಲ್ಲೇ ಸಾಗಿ, ಹಿಂದೆ ಹಗ್ಗಕ್ಕೆ ತಲೆಕೆಳಗಾಗಿ ಒಣಹಾಕಿದ್ದ ಪರದೆಯನ್ನು ತೂತು ಮಾಡಿ ತಗಡಿನ ಗೋಡೆಗೆ ಬಡಿಯಿತು. ನಬೀಸಾಬ್ ಹೊಲಿದು, ರಾತ್ರಿಯ ಆಕಾಶ ಬರೆಸಿದ್ದ ಪರದೆ ಅದು.

ದೀಪಾಲಿಗೆ ಗೀರೂ ಆಗಿರಲಿಲ್ಲ. ಆದರೆ ಮುಂಗೈಯ ಕಂಕಣ ಇರಲಿಲ್ಲ.

"ಕಂಕಣ ಕಾಯ್ತು!" ಎಂದ ಕಾಶಿರಾಮ. "ಬಂದ ಪೀಡಾ ತನ್ನ ಮ್ಯಾಲ ತಗೊಂಡು ತಾ ಹರದು ಹೋಯ್ತು ನೋಡ್ರಿ."

ಎಲ್ಲರೂ ಹೌದು ಹೌದು ಎಂದು ಕೈ ಮುಗಿದರು. ಸುಮನಬಾಯಿ ಕೈ ಮುಗಿಯಲಿಲ್ಲ. ಅವಳು ಪರದೆಯ ತೂತನ್ನು ನೋಡುತ್ತಿದ್ದಳು. ಒಂದು ಗೇಣು ಈಚೆ ಬಂದಿದ್ದರೆ ತಾನು ಚಂದ್ರಭಾಗಾಬಾಯಿಯ ಮನೆಗೆ ಯಾವ ಮುಖ ಹೊತ್ತು ಹೋಗಬೇಕಿತ್ತು?

ಹೋಗುವುದಂತೂ ಹೋಗಲೇಬೇಕಿತ್ತು. ಹೋದಳು. ಆದದ್ದನ್ನು ಮುಚ್ಚಿಡದೆ ಹೇಳಿದಳು. ಚಂದ್ರಭಾಗಾಬಾಯಿ ಕೂಗಾಡಲಿಲ್ಲ, ಅದೇ ಹೆಚ್ಚು ನೋವಾಯಿತು.

"ಹ್ಯಾಂಗ ಕಳಸಿದ್ದೆ, ಹಂಗ ತಂದು ಬಿಟ್ಟಿ ಸುಮನಬಾಯಿ. ನಿನ್ನ ಮಾತು ತೀರಿತು," ಎಂದಳು. "ಆ ಮಷೀನ್ ಇರೋತನಕ ನನ್ನ ಸೊಸಿ ಆ ಶೆಡ್ಡಿಗಿ ಬರಂಗಿಲ್ಲ."

ದೀಪಾಲಿ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಸುಮನಬಾಯಿ ಅಲ್ಲಿಂದ ನೇರ ಶೆಡ್ಡಿಗೆ ಬಂದು ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಗಂಟು ಹಾಕಿದಳು. ಈಗ ರಾಣಿ ಇಲ್ಲ, ಬಾಗಿಲಿಲ್ಲ, ಶೆಡ್ಡೂ ಇಲ್ಲ. ಸ್ಪರ್ಧೆ ಮಾತ್ರ ಹತ್ತಿರ ಬರುತ್ತಿತ್ತು.

ಕಾಶಿರಾಮ ಸುಮ್ಮನಿರುವ ಗಿರಾಕಿಯಲ್ಲ.

"ಆ ಕಟರ್ ಸಣ್ಣದಾಯ್ತು, ಅದಕ್ಕ ಹಂಗಾಯ್ತು," ಎಂದ ಊಟಕ್ಕೆ ಕೂತಾಗ. "ಹುಮನಾಬಾದದಾಗ ಏಜಾಜ್‌ನ ದುಕಾನದಾಗ ಸಾ ಮಿಲ್ಲಿನ ಹಳೀ ಮಷೀನ್ ಅದ. ಲೋಖಂಡ ಅಂದ್ರ ಲೋಖಂಡ, ಪೂರಾ ಕಬ್ಬಿಣ! ಸಂಘದಾಗ ಎಲ್ಲಾರೂ ಕೂಡಿ ಹಾಕಿದ ರೊಕ್ಕ ಅದಲ್ಲಾ, ಅದರಾಗ ಬರತದ. ಒಮ್ಮಿ ತಂದ್ರ ಮೊಮ್ಮಕ್ಕಳ ಕಾಲಕ್ಕೂ ಬರತದ."

"ಸಣ್ಣ ಬ್ಲೇಡ್ ಹೆದರಸ್ತು, ಅದಕ್ಕ ದೊಡ್ಡ ಬ್ಲೇಡ್ ತರತೀರಿ?" ಎಂದಳು ಸುಮನಬಾಯಿ, ರೊಟ್ಟಿ ಬಡಿಯುತ್ತಲೇ. "ಯಾವ ಮಷೀನೂ ಬ್ಯಾಡ. ಬಾಗಲ ಇಲ್ಲದ ನಾಟಕ ಆಡ್ರಿ."

"ಬಾಗಲ ಇಲ್ಲದ ಕೋಟಿ ಎಲ್ಲಿ ನೋಡೀದಿ ನೀ?"

"ಕೈ ಇಲ್ಲದ ರಾಣಿ ಎಲ್ಲಿ ನೋಡೀರಿ ನೀವು?"

ಕಾಶಿರಾಮ ರೊಟ್ಟಿ ಮುರಿದ. ಆದರೆ ಸುಮನಬಾಯಿಗೂ ನಿದ್ದೆ ಬರಲಿಲ್ಲವೆಂದೇ ಹೇಳಬೇಕು. ಬೀಗ ಹಾಕುವುದು ಸುಲಭ. ದೀಪಾಲಿಯ ಆ ಮುಖ ಕಣ್ಣ ಮುಂದಿನಿಂದ ಸರಿಯಬೇಕಲ್ಲ. ಮರುದಿನ ಅವಳು ತನ್ನ ಅಣ್ಣನ ಮಗಳು ಉಜ್ವಲಾಗೆ ಫೋನು ಮಾಡಿದಳು. ಉಜ್ವಲಾ ಬಸವಕಲ್ಯಾಣದ ಒಂದು ತರಬೇತಿ ಕೇಂದ್ರದಲ್ಲಿ ಹುಡುಗ ಹುಡುಗಿಯರಿಗೆ ಬಡಗಿತನದ ಯಂತ್ರಗಳನ್ನು ಕಲಿಸುವ ಶಿಕ್ಷಕಿ.

ಉಜ್ವಲಾ ರವಿವಾರ ಬಸ್ಸಿಳಿದು, ಸುಮನಬಾಯಿ ಬೀಗ ತೆಗೆದುಕೊಟ್ಟ ಶೆಡ್ಡಿಗೆ ಬಂದಳು. ಬಂದವಳು ಮೊದಲು ಕಟರಿನ ಪ್ಲಗ್ ಕಿತ್ತು, ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಳು. ಆಮೇಲೆ ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿದಳು.

"ಮಾಮಾ, ಸ್ವಿಚ್ಚಿಗಿ ಟ್ಯೂಬ್ ಕಟ್ಟೀರಿ. ಕರೆಂಟ್ ಹೋದ್ರ ಮಷೀನ್ ನಿಂದ್ರತದ. ಬಂದ್ರ?"

"ಬಂದ್ರ ಚಾಲೂ ಆಗತದ. ಅದೇ ಫಾಯದಾ!" ಎಂದ ಕಾಶಿರಾಮ ಹೆಮ್ಮೆಯಿಂದ.

"ಆವಾಗ ಬ್ಲೇಡಿನ ಮ್ಯಾಲ ಯಾರದರೇ ಕೈ ಇದ್ರ?"

ಉಜ್ವಲಾ ಬ್ಲೇಡ್ ಬಿಚ್ಚಿದಳು. ಅದು ಕೂತಿದ್ದ ಕಡ್ಡಿಗೆ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಉಗುರಿನಿಂದ ಬಿಡಿಸಿ, ಬೆಳಕಿಗೆ ಹಿಡಿದಳು. ಹಳದಿ ದಾರ. ಅರಿಶಿನದ ವಾಸನೆ ಇನ್ನೂ ಹೋಗಿರಲಿಲ್ಲ.

ಸುಮನಬಾಯಿ ಆ ದಾರವನ್ನು ಕೈಗೆ ತೆಗೆದುಕೊಂಡಳು. ಅದು ತಾನೇ ದೀಪಾಲಿಗೆ ಕಟ್ಟಿದ ಕಂಕಣ.

"ಅತ್ತಿ, ಸಿಟ್ಟಾಗಬ್ಯಾಡ್ರಿ," ಎಂದಳು ಉಜ್ವಲಾ ಮೆಲ್ಲಗೆ. "ಕಂಕಣ ಹರದು ಕಾಯಲಿಲ್ಲ. ಜೋತಾಡೋ ತುದಿ ಬ್ಲೇಡಿಗಿ ಸಿಕ್ತು. ಬ್ಲೇಡ್ ಅದನ್ನ ಎಳೀತು. ದೀಪಾಲಿ ಕೈ ಜಗ್ಗಿದಳು, ಹಲಗಿ ಸೊಟ್ಟ ಆಯ್ತು. ಬ್ಲೇಡಿನ ಹಿಂದಿನ ಹಲ್ಲು ಹಲಗಿ ಎತ್ತಿ ಒಗೀತು. ದಾರ ಜರಾ ಗಟ್ಟಿ ಇದ್ದಿದ್ರ ಹರೀತಿದ್ದಿಲ್ಲ. ಕೈನೇ ಎಳಕೋತಿತ್ತು."

ಕಾಶಿರಾಮ ಅಲ್ಲಿದ್ದ ಮುರುಕು ಸಿಂಹಾಸನದ ಮೇಲೆ ಕುಸಿದು ಕೂತ. 'ತಳ್ಳು, ಅಂಜಬ್ಯಾಡ' ಎಂದವನು ತಾನೇ ಎಂಬುದು ಅವನಿಗೆ ಈಗ ನೆನಪಾಗಿರಬೇಕು. ನಬೀಸಾಬ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಹಂಗಾರ ಮಷೀನೇ ಬ್ಯಾಡ ಅನ್ನು," ಎಂದಳು ಸುಮನಬಾಯಿ.

"ಇಲ್ರಿ ಅತ್ತಿ. ಮಷೀನ್ ಬೇಕು. ಇದು ಬ್ಯಾಡ," ಎಂದಳು ಉಜ್ವಲಾ. "ನಡೀರಿ, ಹುಮನಾಬಾದಕ್ಕ ಹೋಗಿ ನೋಡೋಣ. ಆದ್ರ ದೀಪಾಲಿಯ ಅತ್ತಿನೂ ಬರಲಿ."

ಚಂದ್ರಭಾಗಾಬಾಯಿಯನ್ನು ಹೊರಡಿಸಿದ್ದೇ ಒಂದು ಸಾಹಸ. "ನನಗ್ಯಾಕ ಮಷೀನಿನ ಉಸಾಬರಿ?" ಎಂದಳು. "ನೀವು ಬ್ಯಾಡ ಅಂದ್ರ ಬ್ಯಾಡ. ಆದ್ರ ಕಣ್ಣಿಲೇ ನೋಡಿ ಬ್ಯಾಡ ಅನ್ರಿ," ಎಂದಳು ಸುಮನಬಾಯಿ. ಅಂತೂ ತಲೆಯ ಮೇಲೆ ಸೆರಗು ಹೊದ್ದು, ಮುಖ ಗಂಟಿಕ್ಕಿಕೊಂಡು ಬಸ್ಸು ಹತ್ತಿದಳು.

ಏಜಾಜ್‌ನ ಅಂಗಡಿಯ ಹಿಂದಿನ ಅಂಗಳದಲ್ಲಿ ಆ ಸಾ ಮಿಲ್ಲಿನ ಯಂತ್ರ ನಿಂತಿತ್ತು. ಕಾಶಿರಾಮ ಅದನ್ನು ಎತ್ತಿನ ಬೆನ್ನು ಸವರಿದ ಹಾಗೆ ಸವರಿದ.

"ನೋಡ್ರಿ ತಾಕತ್ತು!"

ಉಜ್ವಲಾ ಅದನ್ನೊಂದು ಸುತ್ತು ಹಾಕಿದಳು. "ಏಜಾಜ್ ಭಾಯಿ, ಇದರ ಬ್ಲೇಡಿನ ಮ್ಯಾಲಿನ ಮುಚ್ಚಳ ಎಲ್ಲದ?"

"ನನ್ನ ಹಂತೇಲಿ ಬರೂಕ ಮೊದಲೇ ಕಳದದ," ಎಂದ ಏಜಾಜ್.

"ಮೋಟಾರಿನ ಪಟ್ಟಾ ಬಾಜೂಕ ಬಿಚ್ಚೇ ಅದ. ಸೀರಿ ಸೆರಗು ಸಿಕ್ರ?"

"ಸಿಕ್ರ ಸಿಕ್ತು," ಎಂದ ಏಜಾಜ್ ಪ್ರಾಮಾಣಿಕವಾಗಿ. ಅವನು ವ್ಯಾಪಾರಿ, ಆದರೆ ಮನಸ್ಸಾಕ್ಷಿ ಇದ್ದ ವ್ಯಾಪಾರಿ. "ಖರೆ ಹೇಳತೇನಿ, ಇದು ದಿನಾ ಇದೇ ಕೆಲಸ ಮಾಡೋ ಮಂದಿಗಿ ಮಾಡಿದ್ದು. ಕರೆಂಟೂ ತ್ರೀ ಫೇಸ್ ಬೇಕು."

"ನಮ್ಮ ಶೆಡ್ಡಿನಾಗ ಒಂದು ಬಲ್ಬ್ ಸರಿಯಾಗಿ ಉರಿಯಂಗಿಲ್ಲ," ಎಂದ ನಬೀಸಾಬ್.

ಕಾಶಿರಾಮ ಬಿಡಲೊಲ್ಲ. "ನಾ ಇದ್ದೇನಲ್ಲ! ನನ್ನ ಕೈ ಪಳಗಿದ ಕೈ. ನಾನೇ ನಡಸತೇನಿ."

"ನೀವು ಕಬ್ಬಿಗಿ ನೀರು ಬಿಡಾಕ ಹೋದಾಗ?"

"ಆವಾಗ... ಯಾರರೇ ನಡಸತಾರ."

"ಆ ಯಾರರೇ ಯಾರು ಮಾಮಾ?" ಉಜ್ವಲಾಳ ದನಿ ಗಟ್ಟಿಯಾಯಿತು. "ನಿಮ್ಮ ಶೆಡ್ಡಿಗಿ ಬರೋರು ದಿನಾ ಬ್ಯಾರೆ ಮಂದಿ. ಒಬ್ಬರು ಹೊಲದಿಂದ ದಣದು ಬರತಾರ, ಒಬ್ಬರು ಕುರಿ ಮೇಸಿ ಬರತಾರ. ಗರಗಸ ಮೊದಲನೇ ಸಲ ನೋಡೋರೂ ಇರತಾರ. ಮಷೀನ್ ನಿಮ್ಮ ಪಳಗಿದ ಕೈ ಸಲುವಾಗಿ ತರಬ್ಯಾಡ್ರಿ. ಮೊದಲನೇ ಸಲ ಅದರ ಮುಂದ ನಿಂದ್ರೋರ ಸಲುವಾಗಿ ತರ್ರಿ."

ಚಂದ್ರಭಾಗಾಬಾಯಿ ಅಷ್ಟೊತ್ತೂ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ಈ ಮಾತಿಗೆ ಮೆಲ್ಲಗೆ ಇತ್ತ ತಿರುಗಿದಳು.

ಏಜಾಜ್ ಒಳಗಿನಿಂದ ಇನ್ನೊಂದು ಮಷೀನು ತಂದಿಟ್ಟ. ಹೊಸದು, ಸಣ್ಣದು, ಇಬ್ಬರು ಎತ್ತಬಹುದಾದ ಟೇಬಲ್ ಸಾ, ಮೇಜಿಗೇ ಕೂರಿಸಿದ ಗರಗಸ. ಕಾಲು ಮಡಚಿ ಮೂಲೆಗಿಡಬಹುದು, ಮನೆಯ ಕರೆಂಟಿಗೇ ನಡೆಯುತ್ತದೆ. ಕಾಶಿರಾಮ ಅದನ್ನು ನೋಡಿ ಮೂಗು ಮುರಿದ.

"ಈ ಆಟಿಗಿ ಸಾಮಾನು ಕೋಟಿ ಬಾಗಲ ಕೊಯ್ತದೇನು?"

"ನಿಮ್ಮ ಕೋಟಿ ಖರೇ ಕೋಟಿ ಏನ್ರಿ ಮಾಮಾ? ಪ್ಲೈವುಡ್ಡಿಂದು!" ಎಂದಳು ಉಜ್ವಲಾ. ಏಜಾಜ್ ಕೂಡ ನಕ್ಕುಬಿಟ್ಟ.

ಉಜ್ವಲಾ ಒಂದೊಂದಾಗಿ ತೋರಿಸಿದಳು. ಬ್ಲೇಡಿನ ಮೇಲೆ ಪಾರದರ್ಶಕ ಮುಚ್ಚಳ. ಹಲಗೆ ಬಂದಾಗ ಅದು ತಾನೇ ಮೇಲೇಳುತ್ತದೆ, ಹೋದ ಮೇಲೆ ಕೂರುತ್ತದೆ. ಬ್ಲೇಡಿನ ಬೆನ್ನಿಗೇ ಅಂಟಿದಂತೆ ನಿಂತಿರುವ ತೆಳು ಉಕ್ಕಿನ ತಗಡು.

"ಇದಕ್ಕ ಬೆನ್ನುಪಟ್ಟಿ ಅನ್ನೋಣ," ಎಂದಳು. "ಕೊಯ್ದ ಹಲಗಿ ಮತ್ತ ಕೂಡಿ ಬ್ಲೇಡ್ ಹಿಡಕೋಬಾರದು, ಹಿಂದಿನ ಹಲ್ಲಿಗಿ ತಾಗಬಾರದು, ಅದಕ್ಕ ಇದು. ಹೋದ ಸಲ ಇದೊಂದು ಇದ್ದಿದ್ರ ಹಲಗಿ ಹಂಗ ಹಾರತಿದ್ದಿಲ್ಲ. ಮಷೀನ್ ತಗೊಳ್ಳಾಗ ಮೊದಲ ಇದನ್ನ ಹುಡುಕ್ರಿ. ಇದು ಇಲ್ಲಂದ್ರ ದುಕಾನದಿಂದ ಹೊರಗ ಬರ್ರಿ."

ಪಕ್ಕದಲ್ಲಿ ಹಲಗೆ ಆನಿಸುವ ಅಡ್ಡಪಟ್ಟಿ. ಅದನ್ನು ಹಿಂದೆ ಮುಂದೆ ಸರಿಸಿ ಬಿಗಿದು, ಅದು ಬ್ಲೇಡಿಗೆ ಸರಿಸಮ ನಿಲ್ಲುತ್ತದೆಯೋ ಇಲ್ಲವೋ ಎಂದು ಅಳೆದು ನೋಡಿದಳು. ಸೊಟ್ಟ ನಿಲ್ಲುವ ಅಡ್ಡಪಟ್ಟಿಯೇ ಬಾಗಿಲನ್ನೂ ಸೊಟ್ಟ ಮಾಡುತ್ತದೆ, ಕೈಯನ್ನೂ ಅಪಾಯಕ್ಕೆ ನೂಕುತ್ತದೆ. ಕೊನೆಗೆ ಹಲಗೆ ತಳ್ಳುವ ಕೋಲು. ಕೈ ಬ್ಲೇಡಿನ ಹತ್ತಿರ ಹೋಗಬಾರದು, ಕೋಲು ಹೋಗಲಿ.

"ಮುಚ್ಚಳ ಇದ್ರ ಕೊಯ್ಯೋದು ಕಾಣಂಗಿಲ್ಲ," ಎಂದು ಕಾಶಿರಾಮ ಕೊನೆಯ ತಕರಾರು ತೆಗೆದ.

"ಗೀಟು ಹಲಗಿ ಮ್ಯಾಲ ಇರತದ ಮಾಮಾ, ಬ್ಲೇಡಿನ ಮ್ಯಾಲ ಅಲ್ಲ. ಅಡ್ಡಪಟ್ಟಿ ಒಮ್ಮಿ ಬರೋಬರ ಬಿಗೀರಿ, ಮುಂದ ಕಣ್ಣು ಅಡ್ಡಪಟ್ಟಿ ಮ್ಯಾಲ ಇರಲಿ."

ಏಜಾಜ್ ಮಷೀನು ಚಾಲೂ ಮಾಡಿದ. ಉಜ್ವಲಾ ಅವನಿಗೆ ಗೋಡೆಯ ಮುಖ್ಯ ಸ್ವಿಚ್ಚು ಇಳಿಸಲು ಹೇಳಿದಳು. ಮಷೀನು ನಿಂತಿತು. ಮತ್ತೆ ಏರಿಸಲು ಹೇಳಿದಳು. ಬಲ್ಬು ಹತ್ತಿತು, ಮಷೀನು ಮಾತ್ರ ಸುಮ್ಮನೆ ನಿಂತೇ ಇತ್ತು.

"ನಾವು ಹೇಳೋತನಕ ಚಾಲೂ ಆಗಂಗಿಲ್ಲ," ಎಂದಳು ಸುಮನಬಾಯಿ. ಅವಳ ಮುಖ ಅರಳಿತು. ಹುಡಗಿಯಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಕೇಳದೆ ಬರುತ್ತದೆ. ಅಂಥ ಊರಿಗೆ ಅಂಥದೇ ಮಷೀನು ಬೇಕು.

ಮುಂಭಾಗದಲ್ಲಿ ಅಗಲವಾದ ಕೆಂಪು ಗುಂಡಿಯೊಂದಿತ್ತು. ಚಂದ್ರಭಾಗಾಬಾಯಿ ಬೆರಳು ಮಾಡಿ ಕೇಳಿದಳು. "ಇದೇನು?"

"ಬಂದ್ ಮಾಡೋದು. ಎರಡೂ ಕೈ ಹಲಗಿ ಮ್ಯಾಲ ಇದ್ದಾಗ ಮೊಣಕಾಲಿಲೇ ಒತ್ತಬಹುದು."

"ಮೊಣಕಾಲಿಲೇ?"

ಚಂದ್ರಭಾಗಾಬಾಯಿ ಸೆರಗು ಬಿಗಿದು ಮುಂದೆ ಬಂದಳು. ಕುರಿ ಹಿಂಡುವಾಗ ಎರಡೂ ಕೈ ತುಂಬಿರುತ್ತವೆ, ಮರಿ ನುಗ್ಗಿದರೆ ಮೊಣಕಾಲಿನಿಂದಲೇ ದಬ್ಬಬೇಕು. ಹುಟ್ಟಿದಾಗಿನಿಂದ ಮಾಡಿದ ಕೆಲಸ. ಏಜಾಜ್ ಮತ್ತೆ ಚಾಲೂ ಮಾಡಿದ. ಚಂದ್ರಭಾಗಾಬಾಯಿ ಎರಡೂ ಕೈ ಮೇಲೆತ್ತಿ, ಮೊಣಕಾಲಿನಿಂದ ಕೆಂಪು ಗುಂಡಿಗೊಂದು ಏಟು ಕೊಟ್ಟಳು. ಮೊರೆಯುತ್ತಿದ್ದ ಮಷೀನು ಉಸಿರು ಬಿಟ್ಟು ನಿಂತಿತು. ಅವಳು ಅದನ್ನೇ ನೋಡಿದಳು. ಮುಖದ ಗಂಟು ಬಿಚ್ಚಿತು.

"ಇದು ಮಾತು ಕೇಳತದ," ಎಂದಳು. "ಇದನ್ನ ತರ್ರಿ."

ಕಾಶಿರಾಮ ಹಳೆಯ ಯಂತ್ರದ ಕಡೆಗೊಮ್ಮೆ ಆಸೆಯ ನೋಟ ಹರಿಸಿದ. ಆಮೇಲೆ ಹೊಸದರ ಒಂದು ಬದಿ ಹಿಡಿದು, "ನಬೀಸಾಬ್, ಆ ಕಡಿ ಎತ್ತು," ಎಂದ. ಅಷ್ಟಕ್ಕೇ ಸುಮನಬಾಯಿಗೆ ಗೆದ್ದಷ್ಟು ಸಂತೋಷವಾಯಿತು.

ಆದರೆ ಶೆಡ್ಡಿನಲ್ಲಿ ಮತ್ತೊಂದು ಗಂಟು ಕಾದಿತ್ತು.

ಮಷೀನು ಇಟ್ಟ ಮೇಲೆ ಉಜ್ವಲಾ ಹೇಳಿದಳು. "ಇದರ ಮುಂದ ನಿಂದ್ರಾಗ ಜೋತಾಡೋದು ಏನೂ ಇರಬಾರದು. ಸೆರಗು ಬಿಗೀಬೇಕು, ಜಡಿ ಕಟ್ಟಬೇಕು, ಬಳಿ ತಗೀಬೇಕು. ಕೈಗವಸೂ ಬ್ಯಾಡ, ಅದನ್ನೂ ಬ್ಲೇಡ್ ಎಳೀತದ. ಮತ್ತ... ಮುಂಗೈಗಿ ಕಂಕಣನೂ ಬ್ಯಾಡ."

ಕಾಶಿರಾಮ ಎದ್ದು ನಿಂತ. "ಅದೊಂದು ಆಗಂಗಿಲ್ಲ! ಮಷೀನ್ ನಿನ್ನ ಮಾತಿಲೇ ತಂದೇವಿ. ಕಂಕಣ ಬಿಚ್ಚಿ ಕೆಲಸ ಮಾಡಿದ ಸಂಘ ಅಲ್ಲ ಇದು. ನಮ್ಮ ಹಿರಿಯರು ಹಾಕಿದ ರಿವಾಜು."

ಕಂಕಣ ಕಟ್ಟುವವಳೇ ಸುಮನಬಾಯಿ. ಬಿಚ್ಚು ಎನ್ನಲು ಬಾಯಿ ಬರಲಿಲ್ಲ. ಇರಲಿ ಎನ್ನೋಣವೆಂದರೆ ಆ ಹಳದಿ ದಾರ ಕಣ್ಣಿಗೆ ಕಟ್ಟಿದಂತಿತ್ತು.

ನಬೀಸಾಬ್ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದವನು ತಲೆಯೆತ್ತದೆಯೇ ಕೇಳಿದ. "ಕಾಶಿರಾಮ, ಕಂಕಣ ಮುಂಗೈಗೇ ಇರಬೇಕಂತ ನಿಮ್ಮ ಹಿರಿಯರು ಹೇಳ್ಯಾರೇನು, ಮೈಮ್ಯಾಲ ಇರಬೇಕಂತ ಹೇಳ್ಯಾರ?"

"ಮೈಮ್ಯಾಲ ಇರಬೇಕು ಅಂತ. ಯಾಕ?"

"ನಮ್ಮ ಮಂದಿ ದೂರ ಊರಿಗಿ ಹೊಂಟ್ರ ಮನಿಯವರು ನಾಣ್ಯ ಇಟ್ಟು ಹೊಲದ ಬಟ್ಟಿ ಪಟ್ಟಿ, ಇಮಾಮ್ ಜಾಮಿನ್ ಅಂತ, ಕಟ್ಟತಾರ. ಅದನ್ನೂ ಕಾಯಲಿ ಅಂತಲೇ ಕಟ್ಟೋದು. ಎಲ್ಲಿ ಕಟ್ಟತಾರ?" ನಬೀಸಾಬ್ ತನ್ನ ರಟ್ಟೆ ಮುಟ್ಟಿ ತೋರಿಸಿದ. "ಇಲ್ಲಿ, ತೋಳಿಗಿ. ಮ್ಯಾಲ ಅಂಗಿ ತೋಳು ಮುಚ್ಚತದ. ಕೆಲಸಕ್ಕ ಅಡ್ಡ ಬರಂಗಿಲ್ಲ, ಮೈ ಬಿಟ್ಟೂ ಹೋಗಂಗಿಲ್ಲ."

ಸುಮನಬಾಯಿ ನಕ್ಕಳು, ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೊಸ ದಾರ ತೆಗೆದು, ಅರಿಶಿನದಲ್ಲಿ ಅದ್ದಿ, ಮೊದಲು ಗಂಡನ ತೋಳಿಗೇ ಕಟ್ಟಿದಳು. ತುದಿ ಜೋತಾಡದಂತೆ ಒಳಗೆ ಸಿಕ್ಕಿಸಿ, ಅಂಗಿಯ ತೋಳು ಕೆಳಗೆಳೆದಳು. ಕಾಶಿರಾಮ ಕೈ ಆಡಿಸಿ ನೋಡಿದ.

"ಹಗುರ ಅನಸತದ," ಎಂದ ನಾಚಿಕೊಂಡು.

ಸುಮನಬಾಯಿ ಸೊಂಟದ ಗಂಟು ಬಿಚ್ಚಿ ಕೀಲಿಕೈ ಹೊರತೆಗೆದು, ಬಾಗಿಲ ಪಕ್ಕದ ಮೊಳೆಗೆ ಎಲ್ಲರ ಮುಂದೆ ತೂಗುಹಾಕಿದಳು. ಆಮೇಲೆ ಹೋಗಿ ದೀಪಾಲಿಯನ್ನು ಕರೆತಂದು, ಅವಳ ತೋಳಿಗೂ ಹೊಸ ಕಂಕಣ ಕಟ್ಟಿದಳು. ಅವಳ ಹಿಂದೆಯೇ ಅವಳ ಅತ್ತೆಯೂ ಬಂದಳು.

ಉಜ್ವಲಾ ಕಲಿಸಿದಳು. ಪೂರಾ ಹಾಳೆಯನ್ನು ಈ ಸಣ್ಣ ಮಷೀನಿನ ಮೇಲೆ ತರಬಾರದು, ಮೊದಲು ಕೈಗರಗಸದಿಂದ ಒರಟಾಗಿ ಕೊಯ್ದು ಚಿಕ್ಕದು ಮಾಡಿಕೊಳ್ಳಬೇಕು. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಕಣ್ಣಿಗೆ ಕನ್ನಡಕ. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕೀಳಬೇಕು. ಕೊಯ್ಯುವವರ ಜತೆ ಯಾರೂ ಮಾತಾಡಬಾರದು. ಈ ಕೊನೆಯದನ್ನು ಹೇಳುವಾಗ ಅವಳು ಕಾಶಿರಾಮನ ಕಡೆ ನೋಡಿದಳು. ಅವನು ಬಾಯಿಯ ಮೇಲೆ ಬೆರಳಿಟ್ಟುಕೊಂಡ.

ದೀಪಾಲಿಯ ಕೈಯಲ್ಲಿ ಹಸಿರು ಬಳೆಗಳಿದ್ದವು. ಅವಳು ಅತ್ತೆಯ ಕಡೆ ನೋಡಿದಳು, ಕೇಳಲು ಅಂಜಿಕೆ. ಚಂದ್ರಭಾಗಾಬಾಯಿ ತಾನೇ ಬಂದು ಒಂದೊಂದಾಗಿ ಬಳೆ ಜಾರಿಸಿ ತೆಗೆದು, ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು.

"ಇವು ನನ್ನ ಹಂತೇಲಿ ಇರತಾವ. ನೀ ಕೊಯ್ಯಿ," ಎಂದಳು.

ದೀಪಾಲಿ ಸೆರಗು ಬಿಗಿದಳು. ಪಕ್ಕಕ್ಕೆ ನಿಂತಳು. ಮಷೀನು ಮೊರೆಯಿತು. ಹಲಗೆ ಅಡ್ಡಪಟ್ಟಿಗೆ ಆತು ಮುಂದೆ ಸಾಗಿತು, ಮುಚ್ಚಳ ಮೆಲ್ಲಗೆ ಮೇಲೆದ್ದಿತು, ಕೊನೆಗೆ ಕೈ ಬದಲು ಕೋಲು ಮುಂದೆ ಹೋಯಿತು. ದೀಪಾಲಿ ಮೊಣಕಾಲಿನಿಂದ ಕೆಂಪು ಗುಂಡಿ ಒತ್ತಿದಳು. ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾದು, ಎರಡು ತುಂಡನ್ನು ಎತ್ತಿ ಒಂದಕ್ಕೊಂದು ಹಚ್ಚಿದಳು. ನಡುವೆ ಬೆಳಕಿನ ಎಳೆಯೂ ನುಸುಳಲಿಲ್ಲ.

"ಅರೆ ವಾಹ್!" ಎಂದು ಕಾಶಿರಾಮ ಕುಣಿದೇಬಿಟ್ಟ. ಬ್ಲೇಡ್ ನಿಂತಿತ್ತು, ಆದ್ದರಿಂದ ಯಾರೂ ಬೈಯಲಿಲ್ಲ.

ಸ್ಪರ್ಧೆಯ ದಿನ ಬಸವಕಲ್ಯಾಣದ ಜನಕ್ಕೆ ಹುಡಗಿಯ ಬಾಗಿಲು ಇನ್ನೂ ನೆನಪಿತ್ತು. ರಾಜ ಕೋಟೆಯ ಮುಂದೆ ಬಂದು ನಿಂತಾಗ ಹಿಂದಿನ ಸಾಲಿನಲ್ಲಿ ಆಗಲೇ ಕಿಸಿಕಿಸಿ ಶುರುವಾಗಿತ್ತು. ಪರದೆಯ ಮರೆಯಲ್ಲಿದ್ದ ಸುಮನಬಾಯಿ ಕಣ್ಣು ಮುಚ್ಚಿಕೊಂಡಳು.

ರಾಜ ಬಾಗಿಲಿಗೆ ಎರಡು ಬೆರಳು ತಾಗಿಸಿದ. ಎರಡೂ ಕದಗಳು ಒಟ್ಟಿಗೆ, ಕಿರ್ ಎನ್ನದೆ, ಅಗಲವಾಗಿ ತೆರೆದವು. ಒಳಗೆ ರಾಣಿ ದೀಪಾಲಿ ಆರತಿ ಹಿಡಿದು ನಿಂತಿದ್ದಳು. ಅವಳ ತಲೆಯ ಮೇಲಿನ ಆಕಾಶದಲ್ಲಿ ಚಂದ್ರ ಹೊಳೆಯುತ್ತಿದ್ದ. ಪರದೆಯ ತೂತಿಗೆ ನಬೀಸಾಬ್ ಬಿಳಿ ಬಟ್ಟೆ ಹೊಲಿದು, ಹಿಂದೆ ದೀಪ ಇಟ್ಟಿದ್ದ. ಕಿಸಿಕಿಸಿ ನಿಂತಿತು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡಿ, ರಾಜ ತನ್ನ ಮಾತು ಹೇಗೆ ಶುರುಮಾಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟ. ರಂಗಸಜ್ಜಿಕೆಯ ಮೊದಲ ಬಹುಮಾನ ಹುಡಗಿಗೇ ಬಂತು. ಕಾಶಿರಾಮ ವೇದಿಕೆಗೆ ಹೋಗಿ ಅದನ್ನು ದೀಪಾಲಿಯ ಕೈಗೆ ಕೊಡಿಸಿದ.

ಮಂಗಳ ಮುಗಿದೊಡನೆ ಸುಮನಬಾಯಿ ದೀಪಾಲಿಯ ಕೈ ಹಿಡಿದು ಮುಂದಿನ ಸಾಲಿಗೆ ಕರೆತಂದಳು. ಅಲ್ಲಿ ಚಂದ್ರಭಾಗಾಬಾಯಿ ಕೂತಿದ್ದಳು.

"ಹ್ಯಾಂಗ ಕಳಸಿದ್ರಿ, ಹಂಗೇ ತಂದೇನ್ರಿ," ಎಂದಳು ಸುಮನಬಾಯಿ.

ಚಂದ್ರಭಾಗಾಬಾಯಿ ಸೊಸೆಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಸುಳ್ಳು ಹೇಳಬ್ಯಾಡ," ಎಂದಳು. "ನಾ ಸೊಸಿ ಕಳಸಿದ್ದೆ. ನೀ ರಾಣಿ ಮಾಡಿ ತಂದಿ. ಮುಂದಿನ ಸಲ ತಾಲೀಮು ಶುರು ಮಾಡಾಗ ನನ್ನ ತೋಳಿಗೂ ಒಂದು ಕಟ್ಟು."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಒಂದು ಶೆಡ್ಡು ಇದ್ದೇ ಇರುತ್ತದೆ. ನಾಟಕ ಸಂಘದ್ದೋ, ಗಣಪತಿ ಮಂಡಳಿಯದ್ದೋ, ಶಾಲೆಯದ್ದೋ. ಅಲ್ಲಿ ಉಲ್ಟಾ ಕಟ್ಟಿದ ಕಟರ್ ಇದ್ದರೆ ಇವತ್ತೇ ಅದರ ಪ್ಲಗ್ ಕೀಳಿ. ಹೊಸ ಗರಗಸ ತರುವಾಗ ಮುಚ್ಚಳ ನೋಡಿ, ಬೆನ್ನುಪಟ್ಟಿ ನೋಡಿ, ಅಡ್ಡಪಟ್ಟಿ ಅಳೆದು ನೋಡಿ, ಕರೆಂಟು ತೆಗೆದು ಹಾಕಿ ನೋಡಿ, ಮೊಣಕಾಲಿನಿಂದ ಕೆಂಪು ಗುಂಡಿ ಒತ್ತಿ ನೋಡಿ. ಅದರ ತಾಕತ್ತು ಎಷ್ಟು ಎಂದು ಆಮೇಲೆ ಕೇಳಬಹುದು. ಅದರ ಮುಂದೆ ಮೊದಲನೇ ಸಲ ನಿಲ್ಲುವವರು ಯಾರು ಎಂದು ಮೊದಲು ಕೇಳಿ. ಅವರನ್ನು ಯಾರೋ ನಂಬಿ ಕಳಿಸಿದ್ದಾರೆ, ಅವರ ಎರಡೂ ಕೈ ಹಿಡಿದುಕೊಳ್ಳಲು ಮನೆಯಲ್ಲಿ ಕಾಯುತ್ತಿದ್ದಾರೆ.